ಊರಲ್ಲಿ ಮನೆ ಕಟ್ತೀರಾ? ಮೊದಲು ಅಕ್ಕನನ್ನು ಕೇಳಿ!

ಶನಿವಾರ ಬೆಳಗ್ಗೆ ಆರು ಗಂಟೆಗೆ ಸುಮನಹಳ್ಳಿ ಸೇತುವೆ ಪಕ್ಕದಲ್ಲಿ ನಿಂತು ಹತ್ತು ನಿಮಿಷ ರಸ್ತೆ ನೋಡಿ ಸ್ವಾಮಿ. ಮಾಗಡಿ ಕಡೆ ಹೊರಟ ಕಾರುಗಳ ಹಿಂಬದಿಯಲ್ಲಿ ಏನಿದೆ ಅಂತ ಗಮನಿಸಿ. ಒಂದರಲ್ಲಿ ಬಣ್ಣದ ಡಬ್ಬ. ಇನ್ನೊಂದರಲ್ಲಿ ನಲ್ಲಿ, ಪೈಪು, ಸ್ವಿಚ್ಚಿನ ಪೆಟ್ಟಿಗೆ. ಮತ್ತೊಂದರ ತಲೆಯ ಮೇಲೆ ಹಗ್ಗ ಬಿಗಿದ ಬಾಗಿಲು! ಇವರು ಮದುವೆಗೆ ಹೊರಟವರಲ್ಲ, ದೇವರಿಗೆ ಹೊರಟವರೂ ಅಲ್ಲ. ಊರಲ್ಲಿ ಮನೆ ಕಟ್ಟಿಸುತ್ತಿರುವ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಮಂದಿ. ವಾರವೆಲ್ಲ ಇಲ್ಲಿ ದುಡಿದು, ವಾರದ ಕೊನೆಗೆ ಅಲ್ಲಿ ಮೇಸ್ತ್ರಿ ಜತೆ ಜಗಳ ಆಡಲು ಹೋಗುವವರು.

ಇದು ಒಳ್ಳೆಯ ಕೆಲಸವೇ? ಒಳ್ಳೆಯ ಕೆಲಸವೇ. ಆದರೆ ಅಂದವಾಗಿ ಮನೆ ಕಟ್ಟಿ ಮನಸ್ಸು ಒಡೆದುಕೊಂಡವರನ್ನು ನಮ್ಮ ಬೀದಿಯಲ್ಲೇ ಕಂಡಿದ್ದೇನೆ. ಬೇರೆಯವರ ಮಾತು ಯಾಕೆ, ನಾನೇ ಆ ಗುಂಡಿಗೆ ಬಿದ್ದು ಎದ್ದವನು. ಅದಕ್ಕೇ ಈ ನಾಲ್ಕು ಮಾತು.

ಯಾವೂರು ನಿಮ್ಮದು?

ವಿಜಯನಗರದ ಬಸ್ ನಿಲ್ದಾಣದಲ್ಲಿ ನಿಂತವರನ್ನು "ಯಾವೂರು ನಿಮ್ಮದು?" ಅಂತ ಕೇಳಿ. ವಿಜಯನಗರ ಅಂತ ಹೇಳುವವರು ಎಷ್ಟು ಮಂದಿ? ಕುಣಿಗಲ್ ಅಂತಾರೆ, ಮಾಗಡಿ ಅಂತಾರೆ, ನಾಗಮಂಗಲ, ಚನ್ನರಾಯಪಟ್ಟಣ, ಶಿರಾ ಅಂತಾರೆ. ನಲವತ್ತು ವರ್ಷದಿಂದ ಇಲ್ಲೇ ಇದ್ದು, ಇಲ್ಲೇ ಮಕ್ಕಳ ಮದುವೆ ಮಾಡಿ, ಮೊಮ್ಮಕ್ಕಳನ್ನು ಎತ್ತಿ ಆಡಿಸಿದವರ ಬಾಯಲ್ಲೂ ಇದೇ ಉತ್ತರ. ಇಲ್ಲಿರುವುದು ಮನೆ. ಊರು ಅಂದರೆ ಅದು ಬೇರೆ.

ನಮ್ಮ ಈ ಪಶ್ಚಿಮ ಭಾಗ ಬೆಳೆದದ್ದೇ ಹಾಗೆ. 1949ರಲ್ಲಿ ಆಗಿನ ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರ ಕೈಯಿಂದ ಅಡಿಗಲ್ಲು ಹಾಕಿಸಿ, ಅವರ ಹೆಸರನ್ನೇ ಇಟ್ಟು ರಾಜಾಜಿನಗರ ಕಟ್ಟಿದರು. ಕಾರ್ಖಾನೆಗಳು ಬಂದವು. ಕಾರ್ಖಾನೆಗೆ ಕೈಗಳು ಬೇಕು. ಕೈಗಳು ಹಳ್ಳಿಗಳಿಂದ ಬಂದವು. ಮೊದಲು ಒಬ್ಬ ಬಂದು ವಠಾರದಲ್ಲಿ ಒಂದು ಕೋಣೆ ಹಿಡಿದ. ಅವನ ಹಿಂದೆ ತಮ್ಮ, ತಮ್ಮನ ಹಿಂದೆ ಬಾಮೈದ. ಆಮೇಲೆ ಮೂವತ್ತು-ನಲವತ್ತರ ಸೈಟು, ಕೆಳಗೆ ತಾನು, ಮೇಲೆ ಬಾಡಿಗೆ. ನಮ್ಮಪ್ಪನೂ ಹಾಗೇ ಕುಣಿಗಲ್ ತಾಲ್ಲೂಕಿನಿಂದ ಬಿನ್ನಿ ಮಿಲ್ಲಿನ ಕೆಲಸಕ್ಕೆ ಬಂದವರು. ಕಡೇ ತನಕ ಸಂಬಳದ ದಿನ ಊರಿಗೆ ಮನಿಯಾರ್ಡರ್ ಮಾಡಿದ ಮೇಲೇ ಮನೆಗೆ ಅಕ್ಕಿ ತರುತ್ತಿದ್ದರು.

ಹೀಗಿದ್ದ ಊರಿನ ಹಂಬಲಕ್ಕೆ ಗಾಳಿ ಹಾಕಿದ್ದು 2020ರ ಮಾರ್ಚಿಯ ಕೊರೋನಾ ಬೀಗಮುದ್ರೆ. ತುಮಕೂರು ರಸ್ತೆ, ಮಾಗಡಿ ರಸ್ತೆ, ಮೈಸೂರು ರಸ್ತೆಗಳಲ್ಲಿ ಗಂಟುಮೂಟೆ ಕಟ್ಟಿಕೊಂಡು ಜನ ಊರ ದಾರಿ ಹಿಡಿದದ್ದನ್ನು ಯಾರು ಮರೆತಾರು? ಹೋದವರಿಗೆ ಅಲ್ಲಿ ಕಂಡದ್ದೇನು? ಸೋರುವ ಹೆಂಚು, ಕುಸಿದ ಹಿತ್ತಲ ಗೋಡೆ, ಬಾಗಿಲಿಗೆ ಗೆದ್ದಲು. ದೊಡ್ಡಪ್ಪನ ಮಗನ ಮನೆ ಹಜಾರದಲ್ಲಿ ಚಾಪೆ ಹಾಸಿ ಮಲಗಿದ ಅಂದಿನ ರಾತ್ರಿಯೇ ಎಷ್ಟೋ ಮಂದಿ ತೀರ್ಮಾನ ಮಾಡಿದರು: ನಮ್ಮದೂ ಅಂತ ಒಂದು ಸೂರು ಊರಲ್ಲಿ ಇರಬೇಕು.

ನಾನೂ ನಮ್ಮಣ್ಣನೂ ಆ ಗುಂಪಿನವರೇ.

ಗುದ್ದಲಿ ಪೂಜೆ ಮಾಡಿದೆವು, ಆಮೇಲೆ?

ಅಪ್ಪ ತೀರಿಕೊಂಡದ್ದು 1998ರಲ್ಲಿ. ಅಮ್ಮ ಅದಾದ ಆರು ವರ್ಷಕ್ಕೆ. ಊರ ಮನೆ ಅಪ್ಪನ ಪಾಲಿಗೆ ಬಂದದ್ದು. ಮುಂದೆ ಜಗಲಿ, ನಡುವೆ ತೊಟ್ಟಿ, ಹಿಂದೆ ಕೊಟ್ಟಿಗೆ. ಒಂದು ಮಳೆಗಾಲದಲ್ಲಿ ಪಡಸಾಲೆ ಗೋಡೆ ಬಿತ್ತು. ಕೆಡವಿ ಹೊಸದು ಕಟ್ಟೋಣ ಅಂತ ಅಣ್ಣ ಅಂದ. ಅಣ್ಣನಿಗೆ ಪಿಂಚಣಿ ದುಡ್ಡು ಬಂದಿತ್ತು, ನನ್ನದೂ ಒಂದಿಷ್ಟು ಇತ್ತು. ಐನೋರ ಹತ್ತಿರ ದಿನ ಇಡಿಸಿದೆವು. ಮೇಸ್ತ್ರಿಗೆ ಅಡ್ವಾನ್ಸ್ ಕೊಟ್ಟೆವು.

ಬಸವೇಶ್ವರನಗರದಲ್ಲಿ ನಮ್ಮಕ್ಕ ಇದ್ದಾರೆ. ಮೇಷ್ಟರ ಕೆಲಸ ಮಾಡಿ ನಿವೃತ್ತಿ ಆದವರು. ಭಾವ ಇಲ್ಲ. ಅವರಿಗೆ ನಾವು ಹೇಳಿದ್ದು ಯಾವಾಗ ಗೊತ್ತೇ? ಪೂಜೆಗೆ ಎರಡು ದಿನ ಮುಂಚೆ, ಫೋನಿನಲ್ಲಿ. "ಅಕ್ಕಾ, ಭಾನುವಾರ ಗುದ್ದಲಿ ಪೂಜೆ, ಬಂದ್ಬಿಡು." ಅಕ್ಕ "ಬರ್ತೀನಿ ಬಿಡೋ" ಅಂದರು. ಬಂದರು. ಅರಿಶಿನ ಕುಂಕುಮ ಹಾಕಿದರು, ಎಲ್ಲರಿಗೂ ಬಡಿಸಿದರು, ಹಿತ್ತಲಿನ ಹೊಂಗೆ ಮರದ ಕೆಳಗೆ ಒಂದು ಗಳಿಗೆ ಸುಮ್ಮನೆ ನಿಂತು, ಸಂಜೆ ನಮ್ಮ ಜತೆಯಲ್ಲೇ ವಾಪಸು ಬಂದರು. ದಾರಿಯುದ್ದಕ್ಕೂ ಮಾತಿಲ್ಲ. ಸುಸ್ತಾಗಿದೆ ಅಂತ ನಾವು ಅಂದುಕೊಂಡೆವು. ಗಂಡಸರಿಗೆ ಎಲ್ಲವೂ ಸುಸ್ತಿನ ಹಾಗೇ ಕಾಣುತ್ತದೆ.

ಪಾಯ ತೆಗೆಯುವಷ್ಟರಲ್ಲಿ ಗೊತ್ತಾಯಿತು, ಕಟ್ಟಡದ ಲೈಸೆನ್ಸಿಗೆ ಖಾತೆ ಬೇಕು, ಖಾತೆ ಇನ್ನೂ ಅಪ್ಪನ ಹೆಸರಿನಲ್ಲೇ ಇದೆ. ಪಂಚಾಯ್ತಿಯಲ್ಲಿ ಮರಣ ಪ್ರಮಾಣ ಪತ್ರ ಕೇಳಿದರು, ವಂಶವೃಕ್ಷ ಕೇಳಿದರು, ವಾರಸುದಾರರೆಲ್ಲರ ಸಹಿ ಕೇಳಿದರು. ವಂಶವೃಕ್ಷ ಬರೆದರೆ ಅದರಲ್ಲಿ ಮೂರು ಕೊಂಬೆ! ಎರಡು ಅಂತ ತಿಳಿದಿದ್ದ ನಮಗೆ ಮೂರನೆಯದು ನೆನಪಾದದ್ದು ಕಾಗದದ ಮೇಲೆ.

ಅಣ್ಣ ವಕೀಲರ ಹತ್ತಿರ ಒಂದು ಹಕ್ಕು ಖುಲಾಸೆ ಪತ್ರ ಬರೆಸಿಕೊಂಡು ಅಕ್ಕನ ಮನೆಗೆ ಹೋದ. ರಿಲೀಸ್ ಡೀಡ್ ಅಂತಾರಲ್ಲ, ಅದೇ. ಪಾಲು ಬೇಡ ಅಂತ ಬರೆದುಕೊಡುವುದು. ನಾನೂ ಜತೆಗಿದ್ದೆ. ಅಕ್ಕ ಕನ್ನಡಕ ಹಾಕಿಕೊಂಡು ಪೂರಾ ಓದಿದರು. ಮಕ್ಕಳ ಉತ್ತರ ಪತ್ರಿಕೆ ಓದುವ ಹಾಗೆ. ಓದಿ ಮಡಿಚಿ ಟೀಪಾಯಿ ಮೇಲಿಟ್ಟು ಹೇಳಿದರು:

"ಸಹಿ ಹಾಕಕ್ಕೆ ನಂಗೇನೂ ಕಷ್ಟ ಇಲ್ಲ ಕಣೋ. ಆದ್ರೆ ಒಂದು ಹೇಳಿ. ಮನೆ ಕಟ್ಟೋಣ ಅಂತ ನೀವಿಬ್ರೂ ಮಾತಾಡಿದಾಗ ನಾನಿರ್ಲಿಲ್ಲ. ನಕ್ಷೆ ಬರೆಸಿದಾಗ ನಾನಿರ್ಲಿಲ್ಲ. ಈಗ ಸಹಿ ಬೇಕು, ಈಗ ನಾನು ಆ ಮನೆ ಮಗಳು. ಸಹಿ ಹಾಕಿದ ಮೇಲೆ ಏನಾಗ್ತೀನಿ? ನೆಂಟಳಾ?"

ಅಣ್ಣ ಬಾಯಿ ಬಿಡಲಿಲ್ಲ. ನಾನೂ ಅಷ್ಟೇ. ಕಾಫಿ ಆರಿ ಕೆನೆ ಕಟ್ಟಿತು.

ಕಾನೂನು ಏನು ಹೇಳುತ್ತದೆ?

ಈ ವಿಷಯದಲ್ಲಿ ನಮ್ಮ ಜನಕ್ಕೆ ಇರುವ ತಪ್ಪು ತಿಳಿವಳಿಕೆ ಅಷ್ಟಿಷ್ಟಲ್ಲ. "ಮದುವೆ ಮಾಡಿ ಕಳಿಸಿದ್ದೀವಿ, ಒಡವೆ ಹಾಕಿದ್ದೀವಿ, ಇನ್ನೆಂಥ ಪಾಲು?" ಅನ್ನುವವರೇ ಹೆಚ್ಚು. ಅವರು ತಿಳಿಯಲಿ ಅಂತ ಒಂದೊಂದಾಗಿ ಹೇಳುತ್ತೇನೆ.

ಅಪ್ಪ ಉಯಿಲು ಬರೆಯದೆ ಸತ್ತರೆ, ಅವನ ಸ್ವಂತ ಗಳಿಕೆಯಲ್ಲಿ ಮಗನಿಗೂ ಮಗಳಿಗೂ ಹೆಂಡತಿಗೂ ಸಮಪಾಲು. ಇದು ಇವತ್ತಿನ ಕಾನೂನಲ್ಲ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕು ಅಂತ ನಮ್ಮ ಕರ್ನಾಟಕ 1994ರಲ್ಲೇ ತಿದ್ದುಪಡಿ ಜಾರಿಗೆ ತಂದಿತು. ಆದರೆ ಅಷ್ಟರೊಳಗೆ ಮದುವೆ ಆದವರನ್ನು ಹೊರಗಿಟ್ಟಿತು. 2005ರಲ್ಲಿ ಕೇಂದ್ರ ಸರಕಾರ ತಂದ ತಿದ್ದುಪಡಿ ಆ ಭೇದವನ್ನೂ ಅಳಿಸಿತು. ಮದುವೆ ಆಗಿರಲಿ, ಆಗದಿರಲಿ, ಮಗಳು ಮಗನ ಸಮ. "ಅಪ್ಪ 2005ಕ್ಕೆ ಮುಂಚೆಯೇ ಸತ್ತಿದ್ದರೆ?" ಅನ್ನುವ ಜಗ್ಗಾಟಕ್ಕೂ ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ತೆರೆ ಎಳೆಯಿತು: ಅಪ್ಪ ಆಗ ಬದುಕಿರಬೇಕು ಅಂತೇನೂ ಇಲ್ಲ, ಹಕ್ಕು ಹುಟ್ಟಿನದು. 2004ರ ಡಿಸೆಂಬರ್ 20ಕ್ಕೆ ಮುಂಚೆ ಕ್ರಮವಾಗಿ ನೋಂದಣಿ ಆಗಿ ಮುಗಿದ ಪಾಲುಪಾರಿಖತ್ತುಗಳನ್ನು ಮಾತ್ರ ಕಾನೂನು ಕೆದಕುವುದಿಲ್ಲ.

ಅಂದಮೇಲೆ, ಅಕ್ಕತಂಗಿಯರನ್ನು ಕೇಳದೆ ಅಪ್ಪನ ಜಾಗದಲ್ಲಿ ಮನೆ ಕಟ್ಟುವವನು ಬೇರೆಯವರ ಜಾಗದಲ್ಲಿ ಒಂದು ಕಾಲಿಟ್ಟು ಪಾಯ ತೆಗೆದ ಹಾಗೆ. ಇವತ್ತು ಅವರು ಸುಮ್ಮನಿರಬಹುದು. ನಾಳೆ ಅವರ ಮಕ್ಕಳು ಕೋರ್ಟಿಗೆ ಹೋದರೆ ಮೇಲಿನ ಮಹಡಿಯನ್ನು ಯಾರಿಗೆ ಕತ್ತರಿಸಿ ಕೊಡುತ್ತೀರಿ?

"ಹೀಗೆ ಎಲ್ಲರಿಗೂ ಪಾಲು ಹಂಚಿದರೆ ಮನೆ ಉಳಿಯುತ್ತದಾ?" ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಮೂವತ್ತಡಿ ಅಗಲದ ಜಾಗವನ್ನು ಮೂರು ಮಾಡಿದರೆ ಯಾರಿಗೂ ಒಲೆ ಹೂಡಲು ಜಾಗ ಇರದು. ಆದರೆ ಪಾಲು ಕೊಡುವುದು ಅಂದರೆ ಗೋಡೆ ಎಬ್ಬಿಸುವುದು ಅಂತ ಯಾರು ಹೇಳಿದರು? ಜಂಟಿ ಖಾತೆ ಮಾಡಿಸಬಹುದು. ಒಬ್ಬರಿಗೆ ಮನೆ, ಒಬ್ಬರಿಗೆ ಜಮೀನು ಅಂತ ಒಪ್ಪಬಹುದು. ಬೆಲೆ ಕಟ್ಟಿ ದುಡ್ಡು ಕೊಡಬಹುದು. ಅವರೇ ಮನಸಾರೆ ಬೇಡ ಅಂದರೆ ಅದು ಅವರ ದೊಡ್ಡತನ. ಕೇಳಿದ ಮೇಲೆ ಬಿಟ್ಟುಕೊಟ್ಟದ್ದು ದಾನ. ಕೇಳದೆ ತೆಗೆದುಕೊಂಡದ್ದಕ್ಕೆ ಬೇರೆ ಹೆಸರಿದೆ.

ಕಾಗದ ಮೊದಲು, ಕಲ್ಲು ಆಮೇಲೆ

ಇನ್ನು ಕಾಗದದ ಮಾತು. ಊರೊಳಗಿನ ಮನೆ ಜಾಗ ಗ್ರಾಮಠಾಣಾದಲ್ಲಿರುತ್ತದೆ. ಹೊಲಕ್ಕೆ ಇರುವ ಹಾಗೆ ಅದಕ್ಕೆ ಪಹಣಿ ಇಲ್ಲ. ಪಂಚಾಯ್ತಿ ಪುಸ್ತಕದಲ್ಲಿ ತಾತನ ಹೆಸರು, ಅಳತೆಯ ಕಾಲಂ ಖಾಲಿ, ಚೆಕ್ಕುಬಂದಿಗೆ "ಪೂರ್ವಕ್ಕೆ ಬೇಲಿ" ಅಂತ ಒಂದು ಸಾಲು. ಬೇಲಿಯೂ ಇಲ್ಲ, ಬೇಲಿ ಹಾಕಿದವನೂ ಇಲ್ಲ! ಇದನ್ನು ಸರಿಪಡಿಸಲೆಂದೇ ಗ್ರಾಮ ಪಂಚಾಯ್ತಿಗಳಿಗೆ ಈ-ಸ್ವತ್ತು ಬಂತು. ಅದರ ನಮೂನೆ 9 ಮತ್ತು ನಮೂನೆ 11 ಇಲ್ಲದೆ ನೋಂದಣಿಯೂ ಇಲ್ಲ, ಬ್ಯಾಂಕಿನ ಸಾಲವೂ ಇಲ್ಲ. 2020ರ ಏಪ್ರಿಲಿನಲ್ಲಿ ಕೇಂದ್ರ ಸರಕಾರ ಸ್ವಾಮಿತ್ವ ಯೋಜನೆ ತಂದು ಡ್ರೋನ್ ಹಾರಿಸಿ ಗ್ರಾಮಠಾಣಾ ಅಳೆಯಲು ಶುರು ಮಾಡಿತು. ಮೊದಲ ಸಾಲಿನ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅಳತೆಗೆ ಬಂದಾಗ ಜಾಗದ ಮೇಲೆ ನೀವಿಲ್ಲದಿದ್ದರೆ ಪಕ್ಕದ ಮನೆಯವನ ಮಾತೇ ನಿಮ್ಮ ಎಲ್ಲೆ. ಬೆಂಗಳೂರಿನಲ್ಲಿ ಕೂತು ಆಮೇಲೆ ಬೈದುಕೊಂಡರೆ ಪ್ರಯೋಜನ ಇಲ್ಲ.

"ಊರೊಳಗೆ ಯಾಕೆ, ಹೊಲದಲ್ಲೇ ಕಟ್ಟುತ್ತೇನೆ" ಅನ್ನುವವರೂ ಉಂಟು. ಹೊಲದ ಒಡೆಯ ಬೇಸಾಯಕ್ಕೆ ಬೇಕಾದ ತೋಟದ ಮನೆಯನ್ನು ಮಿತಿಯೊಳಗೆ ಕಟ್ಟಿಕೊಳ್ಳಲು 1964ರ ಭೂಕಂದಾಯ ಕಾಯ್ದೆಯಲ್ಲಿ ಅವಕಾಶ ಇದೆ. ಆದರೆ ಬಂಗಲೆ ಕಟ್ಟುತ್ತೇನೆ, ಬಾಡಿಗೆಗೆ ಬಿಡುತ್ತೇನೆ ಅಂದರೆ ಭೂಪರಿವರ್ತನೆ ಆಗಬೇಕು. ಪೋಡಿ ಆಗದ ಜಮೀನಾದರೆ ಮೊದಲು ಅದು. ಪೌತಿ ಖಾತೆ ಆಗದಿದ್ದರೆ ಅದಕ್ಕೂ ಮೊದಲು ಅದು.

ಮತ್ತೊಂದು. ಅರ್ಜಿ ಕೊಟ್ಟಲ್ಲೆಲ್ಲ ಸಕಾಲ ಸ್ವೀಕೃತಿ ಕೇಳಿ ಪಡೆಯಿರಿ. 2011ರಿಂದ ಆ ಕಾಯ್ದೆ ಇದೆ. ಇಷ್ಟು ದಿನದೊಳಗೆ ಕೆಲಸ ಆಗಬೇಕು ಅಂತ ಇದೆ. ಬಾಯಲ್ಲಿ ಕೊಟ್ಟ ಅರ್ಜಿಗೆ ನಾಳೆ ಬಾ ಅನ್ನುವುದೇ ಉತ್ತರ. ನಂಬರು ಇರುವ ಅರ್ಜಿಗೆ ಮಾತ್ರ ನಾಲಿಗೆ.

ಕೆಂಗೇರಿಯ ಮುದುಕ ಹೇಳಿದ್ದು

ನಮಗಾದರೂ ಹೋಗಲು ಒಂದು ಊರಿದೆ. ಅದೂ ಇಲ್ಲದವರ ಕಥೆ ಕೇಳಬೇಕಾದರೆ ಕೆಂಗೇರಿ ಕಡೆ ಹೋಗಬೇಕು. ಚಲ್ಲಘಟ್ಟ, ಕೊಮ್ಮಘಟ್ಟ, ಸೂಲಿಕೆರೆ, ರಾಮಸಂದ್ರ, ಭೀಮನಕುಪ್ಪೆ ಮುಂತಾದ ಹನ್ನೆರಡು ಹಳ್ಳಿಗಳ ನಾಲ್ಕು ಸಾವಿರಕ್ಕೂ ಹೆಚ್ಚು ಎಕರೆ ಜಮೀನನ್ನು ನಾಡಪ್ರಭು ಕೆಂಪೇಗೌಡ ಬಡಾವಣೆಗೆ ಗುರುತು ಮಾಡಿ 2008ರಲ್ಲಿ ಪ್ರಾಥಮಿಕ ಅಧಿಸೂಚನೆ, 2010ರಲ್ಲಿ ಅಂತಿಮ ಅಧಿಸೂಚನೆ ಹೊರಟಿತು. ಕೆಂಗೇರಿ ಪುರಸಭೆ 2007ರಲ್ಲೇ ಬೃಹತ್ ಮಹಾನಗರ ಪಾಲಿಕೆಯೊಳಗೆ ಕರಗಿತ್ತು. 2025ರಲ್ಲಿ ಆ ಪಾಲಿಕೆಯೇ ಒಡೆದು ಐದಾಯಿತು. ಮೆಟ್ರೋ 2021ರಲ್ಲಿ ಕೆಂಗೇರಿಗೆ ಬಂತು, 2023ರಲ್ಲಿ ಚಲ್ಲಘಟ್ಟಕ್ಕೆ ಮುಟ್ಟಿತು.

ಆ ಕಡೆಯ ಒಂದು ಹಳ್ಳಿಯ ಅರಳಿಕಟ್ಟೆ ಮೇಲೆ ಕೂತಿದ್ದ ಯಜಮಾನರೊಬ್ಬರ ಹತ್ತಿರ ನಮ್ಮ ಮನೆ ವಿಷಯ ಹೇಳಿಕೊಂಡೆ. ಅವರು ಬೀಡಿ ಆರಿಸಿ ಅಂದದ್ದು ಇಷ್ಟು: "ನೀವು ಪುಣ್ಯವಂತ್ರು ಸ್ವಾಮಿ. ನೀವು ಊರು ಬಿಟ್ಟೋಗಿದ್ರೂ ಊರು ಅಲ್ಲೇ ಐತೆ. ನಾನು ಹುಟ್ಟಿದ್ ಜಾಗ ಬಿಟ್ಟು ಒಂದಡಿ ಆಚೀಚೆ ಹೋಗಿಲ್ಲ. ನಮ್ಮೂರೇ ಎದ್ದು ಹೋಯ್ತು!"

ಈ ಮಾತು ಕೇಳಿದ ಮೇಲೆ ಊರಿನ ಮನೆ ಅನ್ನುವುದು ನನಗೆ ಬೇರೆಯಾಗಿ ಕಂಡಿತು. ಇಟ್ಟಿಗೆ ಸಿಮೆಂಟು ಎಲ್ಲೂ ಸಿಕ್ಕುತ್ತದೆ. ಕೆರೆ, ಗೋಮಾಳ, ದಾರಿ, ಗುರುತಿನ ಮುಖ ಇವು ಉಳಿದರೆ ಊರು. ವಾರದ ಕೊನೆಗೆ ಹೋಗಿ ಬರುವವರು ಇದನ್ನು ಉಳಿಸುತ್ತಿದ್ದೇವೋ, ಅಳಿಸುತ್ತಿದ್ದೇವೋ? ಕೃಷಿಕರಲ್ಲದವರು ಜಮೀನು ಕೊಳ್ಳಬಾರದೆಂಬ ಭೂಸುಧಾರಣೆ ಕಾಯ್ದೆಯ ಕಟ್ಟು 2020ರಲ್ಲಿ ಸಡಿಲವಾಯಿತು. ಅಂದಿನಿಂದ ಪೇಟೆ ದುಡ್ಡಿಗೆ ಹಳ್ಳಿಯ ಬಾಗಿಲು ಹಾರು ಹೊಡೆದಿದೆ. ನಾವು ಹೇಳಿದ ರೇಟಿಗೆ ಊರಲ್ಲೇ ಇರುವ ಕೂಲಿಯವನು ತನ್ನ ಮಗನಿಗೆ ಒಂದು ಸೈಟು ಕೊಳ್ಳಲಾರ. ಊರಿಗೆ ವಾಪಸು ಬಂದೆವು ಅಂತ ನಾವು ಹಿಗ್ಗುವಾಗ ಅವನು ಊರಿಂದ ಆಚೆ ಹೋಗುತ್ತಿರುತ್ತಾನೆ.

ತೋರಿಕೆಗೋ, ಇರುವುದಕ್ಕೋ?

ನಮ್ಮೂರಿನ ದಾರಿಯಲ್ಲಿ ಒಂದು ಮನೆ ಇದೆ. ಮೂರು ಮಹಡಿ, ಗಾಜಿನ ಕಿಟಕಿ, ಗೇಟಿಗೆ ಸಿಂಹದ ಮುಖ. ವರ್ಷಕ್ಕೆ ಎರಡು ದಿನ, ಹಬ್ಬಕ್ಕೊಂದು ಜಾತ್ರೆಗೊಂದು, ಬೀಗ ತೆಗೆಯುತ್ತಾರೆ. ಉಳಿದ ದಿನ ಪಾರಿವಾಳದ ಸಂಸಾರ. ರಾಜಾಜಿನಗರದ ಮನೆಯನ್ನೇ ಎತ್ತಿ ರಾಗಿ ಹೊಲದ ಪಕ್ಕ ಇಟ್ಟಹಾಗಿದೆ. ಬೇಕಾ ಇದು?

ಕುಪ್ಪಳಿಯ ಕವಿಮನೆ ನೋಡಿದವರು ನಮ್ಮಲ್ಲಿ ಬಹಳ ಮಂದಿ. ಕುವೆಂಪು ಬೆಳೆದ ಆ ತೊಟ್ಟಿ ಮನೆಯನ್ನು ಪ್ರತಿಷ್ಠಾನ ಜೋಪಾನ ಮಾಡಿದೆ. ಜನ ಟಿಕೆಟ್ ತೆಗೆದು ಹೋಗಿ ನೋಡುತ್ತಾರೆ. ಕವಿಯ ಮನೆಗೆ ಅದು ತಕ್ಕದ್ದು. ನಮ್ಮ ನಿಮ್ಮ ಮನೆ ನೋಡಲು ಯಾರು ಬರುತ್ತಾರೆ? ನಮ್ಮ ಮನೆ ಉಳಿಯಬೇಕಾದರೆ ಅದರೊಳಗೆ ಒಲೆ ಉರಿಯಬೇಕು, ಅಷ್ಟೇ. ಹಾಗಾಗಿ ಚಿಕ್ಕದಾಗಿ ಕಟ್ಟಿ. ಹಳೇ ಕಂಬ, ತೊಲೆ, ಹೊಸ್ತಿಲು, ಚಪ್ಪಡಿ ಗಟ್ಟಿಯಿದ್ದರೆ ಬಿಸಾಡಬೇಡಿ. ವಯಸ್ಸಾದವರಿಗೆ ಕೆಳಗೇ ಒಂದು ಕೋಣೆ, ಪಕ್ಕದಲ್ಲೇ ಕಕ್ಕಸು ಇರಲಿ. ಮಳೆ ನೀರು ಹಿಡಿಯುವ ತೊಟ್ಟಿ ಇರಲಿ. ಹತ್ತಿರದ ಆಸ್ಪತ್ರೆಗೆ ರಾತ್ರಿ ಹೊತ್ತು ಹೇಗೆ ಹೋಗುವುದು ಅಂತ ಮೊದಲೇ ನೋಡಿಕೊಳ್ಳಿ. ಪಂಚಾಯ್ತಿ ಕಂದಾಯ ಬಾಕಿ ಇಡಬೇಡಿ. ಜಾತ್ರೆ ವಂತಿಗೆ ಕೇಳಿ ಬಂದಾಗ ಬೀಗ ತೋರಿಸಬೇಡಿ.

ಕಡೇ ಮಾತು

ನಮ್ಮ ಮನೆ ಏನಾಯ್ತು ಅಂತ ಕೇಳುತ್ತೀರಿ ತಾನೆ? ಪಾಯ ಎಂಟು ತಿಂಗಳು ಹಾಗೇ ನಿಂತಿತು. ಅದರೊಳಗೆ ಮಳೆ ನೀರು ನಿಂತು ಕಪ್ಪೆ ಕೂಗಿದವು. ಮೇಸ್ತ್ರಿ ಬೇರೆ ಕೆಲಸ ಹಿಡಿದ. ಅಣ್ಣನಿಗೆ ಮೊದಲು ಕೋಪ, ಆಮೇಲೆ ನಾಚಿಕೆ. ಒಂದು ದಿನ ಅವನೇ ಹೋಗಿ ಆ ಖುಲಾಸೆ ಪತ್ರವನ್ನು ಅಕ್ಕನ ಎದುರಿಗೇ ಹರಿದು, "ನಕ್ಷೆ ತಂದಿದ್ದೀನಿ, ನೋಡಿ ಹೇಳು" ಅಂದ. ಅಕ್ಕ ನೋಡಿದರು. ಮಹಡಿ ಹೊಡೆದು ಹಾಕಿದರು. ಜಗಲಿ ಸೇರಿಸಿದರು. ಹೊಂಗೆ ಮರ ಕಡಿಯಬೇಕಾಗಿದ್ದ ಕಡೆ ಗೋಡೆಯನ್ನು ನಾಲ್ಕಡಿ ಒಳಕ್ಕೆ ಎಳೆದರು. ಮೂವರ ಹೆಸರಿಗೂ ಜಂಟಿ ಖಾತೆ ಆಯಿತು. ದುಡ್ಡೂ ಹಾಕಿದರು, ನಾವು ಬೇಡ ಅಂದರೂ ಕೇಳಲಿಲ್ಲ.

ಈಗ ಆ ಮನೆಯಲ್ಲಿ ಹೆಚ್ಚು ದಿನ ಇರುವವರು ಯಾರು ಗೊತ್ತೇ? ನಾನಲ್ಲ, ಅಣ್ಣನೂ ಅಲ್ಲ. ಅಕ್ಕ. 2017ರಲ್ಲಿ ಶುರುವಾದ ಹಾಸನದ ರೈಲು ಹಾದಿ ಇದೆಯಲ್ಲ, ಯಶವಂತಪುರದಲ್ಲಿ ಹತ್ತಿ ಕುಣಿಗಲ್ಲಿನಲ್ಲಿ ಇಳಿಯುತ್ತಾರೆ. ಸಂಜೆ ಜಗಲಿ ಮೇಲೆ ಊರ ಹುಡುಗರಿಗೆ ಲೆಕ್ಕ ಹೇಳಿಕೊಡುತ್ತಾರೆ. ನಾವು ಹೋದರೆ ಬಾಗಿಲಲ್ಲಿ ನಿಂತು "ಬನ್ರೋ" ಅಂತ ಕರೆಯುತ್ತಾರೆ. ಅವರು ಅವತ್ತೇ ಸಹಿ ಹಾಕಿಬಿಟ್ಟಿದ್ದರೆ ನಾವು ಬೀಗದ ಕೈ ಹುಡುಕುತ್ತಾ ನಿಂತಿರುತ್ತಿದ್ದೆವು.

ಸಂಬಂಧಪಟ್ಟ ಅಧಿಕಾರಿಗಳಲ್ಲಿ ಒಂದು ಅರಿಕೆ. ಯಾವ ಕೆಲಸಕ್ಕೆ ಯಾವ ಕಾಗದ, ಎಷ್ಟು ಶುಲ್ಕ ಅಂತ ಪ್ರತಿ ಪಂಚಾಯ್ತಿ ಬಾಗಿಲಲ್ಲೂ ದಪ್ಪಕ್ಷರದಲ್ಲಿ ಬೋರ್ಡು ಬರೆಸಿ. ಪೌತಿ ಖಾತೆಗೆ ಭಾನುವಾರವೂ ಒಂದು ಶಿಬಿರ ಇಡಿ. ಊರು ಬಿಟ್ಟವರು ಬರುವುದು ಅವತ್ತೇ. ಓದುಗರಲ್ಲೂ ಒಂದು ಅರಿಕೆ. ಮುಂದಿನ ಶನಿವಾರ ಕಾರಿಗೆ ಸಿಮೆಂಟು ಬಣ್ಣ ತುಂಬುವ ಮುಂಚೆ ಅಕ್ಕತಂಗಿಯರ ಮನೆ ಕಡೆಯಿಂದ ಹಾದುಹೋಗಿ. ಕಾರಿನಲ್ಲಿ ಒಂದು ಸೀಟು ಖಾಲಿ ಇರಲಿ.